ಸೊಳ್ಳೆ ಕಡಿಮೆ ಇದ್ದ ಊರು

ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಸಮಾಜ ಪಾಠ ಮಾಡಿದವನು ನಾನು. ವರ್ಷಕ್ಕೆ ಎರಡು ಸೆಕ್ಷನ್ ಎಂದು ಹಿಡಿದರೂ ಕರಿಹಲಗೆಯ ಮೇಲೆ ಅರವತ್ತೆರಡು ಜ್ವಾಲಾಮುಖಿಗಳನ್ನು ಸಿಡಿಸಿದ ಹಾಗಾಯಿತು. ಎಲ್ಲವೂ ಒಂದೇ ಅಚ್ಚಿನವು. ಕವುಚಿ ಹಾಕಿದ ಲಾಳಿಕೆಯಂಥ ಬೆಟ್ಟ, ಅದರ ಹೊಟ್ಟೆಯಿಂದ ಮೇಲಕ್ಕೊಂದು ಕೊಳವೆ, ತಲೆಯ ಮೇಲೆ ಹೂಕೋಸಿನಂಥ ಹೊಗೆ, ಇಳಿಜಾರಿನಲ್ಲಿ ಕೆಂಪು ಸೀಮೆಸುಣ್ಣದ ಲಾವಾ. ಕೆಂಪು ಸೀಮೆಸುಣ್ಣವನ್ನು ಗಣಿತದ ಮೇಷ್ಟ್ರು ತ್ರಿಕೋನಗಳಿಗೇ ಮುಗಿಸಿಬಿಡುತ್ತಿದ್ದ ಕಾರಣ ಕೆಲವು ವರ್ಷ ನನ್ನ ಬೆಟ್ಟಗಳು ಹಸಿರು ಲಾವಾ ಕಾರಿದ್ದೂ ಉಂಟು. "ಸಾರ್, ನೀವು ನೋಡಿದೀರಾ?" ಎಂದು ಒಬ್ಬ ಹುಡುಗ ಒಮ್ಮೆ ಕೇಳಿದ. "ನೋಡಿದ್ದಿದ್ರೆ ನಿಂಗೆ ಪಾಠ ಮಾಡೋಕೆ ಉಳೀತಿದ್ನೇನೋ?" ಎಂದೆ. ಕ್ಲಾಸು ನಕ್ಕಿತು, ಗಂಟೆ ಹೊಡೆಯಿತು, ನನ್ನ ಮಾನ ಉಳಿಯಿತು.

ನಿವೃತ್ತಿಯಾದ ಮೇಲೆ ಕಣ್ಣಿಗೆ ಬಿದ್ದ ಒಂದು ಸಂಗತಿ ಆ ಉಳಿದ ಮಾನವನ್ನೂ ಕಳೆಯಿತು. ನಾನು ವೆಸೂವಿಯಸ್ ಹೇಳಿದ್ದೆ, ಕ್ರಕಟೋವಾ ಹೇಳಿದ್ದೆ, ಫ್ಯೂಜಿ ಹೇಳಿದ್ದೆ. 20ನೇ ಶತಮಾನದ ಅತಿ ದೊಡ್ಡ ಜ್ವಾಲಾಮುಖಿ ಸ್ಫೋಟ ಇವುಗಳಲ್ಲಿ ಯಾವುದರದ್ದೂ ಆಗಿರಲಿಲ್ಲ. 1912ರ ಜೂನ್ 6ರಂದು ಅಲಾಸ್ಕಾದ ಕಟ್ಮೈ ಸೀಮೆಯಲ್ಲಿ, ಅಲ್ಲಿಯತನಕ ಒಂದು ಹೆಸರೂ ಇಲ್ಲದ ಜಾಗ ಬಾಯಿ ಬಿಟ್ಟು ಸುಮಾರು 60 ಗಂಟೆ ಕಾರಿತ್ತು. 1980ರಲ್ಲಿ ಜಗತ್ತೆಲ್ಲ ಟಿವಿಯಲ್ಲಿ ನೋಡಿದ ಸೇಂಟ್ ಹೆಲೆನ್ಸ್‌ಗಿಂತ ಇದು ಹೊರಹಾಕಿದ್ದು ಮೂವತ್ತು ಪಟ್ಟು ಹೆಚ್ಚು. ನನ್ನ ಅರವತ್ತೆರಡರಲ್ಲಿ ಒಂದನ್ನೂ ಇದರ ಹೆಸರಿಗೆ ಬರೆದಿರಲಿಲ್ಲ. ಮಗಳ ಮದುವೆಗೆ ಊರಿಗೆಲ್ಲ ಕರೆಯೋಲೆ ಹಂಚಿ ಸೋದರಮಾವನನ್ನೇ ಮರೆತವನ ಸಂಕಟ ನನಗಾಯಿತು.

ಹಾಗಾಗಿ ಸಿಯಾಟಲ್‌ನಲ್ಲಿರುವ ಮಗಳು "ಈ ಸಲ ಎಲ್ಲಿಗೆ ಹೋಗೋಣ ಅಪ್ಪಾ? ನಯಾಗರಾ?" ಎಂದಾಗ ನಾನು ಕಟ್ಮೈ ಎಂದುಬಿಟ್ಟೆ. ಅಳಿಯ ಫೋನಿನಲ್ಲಿ ಹುಡುಕಿ ತಲೆಯೆತ್ತಿದ. "ಮಾವ, ಅಲ್ಲಿಗೆ ರಸ್ತೇನೇ ಇಲ್ಲ." ನನ್ನ ಹೆಂಡತಿ ಚಪಾತಿ ಲಟ್ಟಿಸುತ್ತಿದ್ದವಳು ಅಲ್ಲಿಂದಲೇ ಹೇಳಿದಳು: "ರಸ್ತೆ ಇಲ್ಲದ ಊರು ನೋಡೋಕೆ ಅಮೆರಿಕಕ್ಕೆ ಬರಬೇಕಿತ್ತಾ ರೀ? ನಮ್ಮ ಶರಾವತಿ ಹಿನ್ನೀರಿನಾಚೆ ಬೇಕಾದಷ್ಟಿದ್ವಲ್ಲ."

ಆ ಮಾತಿನಲ್ಲಿ ಅವಳಿಗೇ ತಿಳಿಯದ ಒಂದು ಮುಳ್ಳಿತ್ತು. ಅದರ ವಿಷಯ ಆಮೇಲೆ ಹೇಳುತ್ತೇನೆ.

ಕಟ್ಮೈ ಇರುವುದು ಅಲಾಸ್ಕಾದ ನೈರುತ್ಯಕ್ಕೆ ಬಾಲದಂತೆ ಚಾಚಿದ ಪರ್ಯಾಯದ್ವೀಪದ ಮೇಲೆ. ಅದರ ಪೂರ್ವ ತೀರಕ್ಕೂ ಕೋಡಿಯಾಕ್ ದ್ವೀಪಕ್ಕೂ ನಡುವೆ ಶೆಲಿಕಾಫ್ ಜಲಸಂಧಿ. ನಾವು ಆಂಕರೇಜಿನಿಂದ ಕೋಡಿಯಾಕ್‌ಗೆ ಹಾರಿ, ಅಲ್ಲಿಂದ ನೀರಿನ ಮೇಲಿಳಿಯುವ ಪುಟ್ಟ ವಿಮಾನದಲ್ಲಿ ಆಚೆ ದಡಕ್ಕೆ ಹೋಗಿ ಸಂಜೆಗೆ ಮರಳುವುದು ಎಂದು ಏರ್ಪಾಡಾಯಿತು. ಕೋಡಿಯಾಕ್‌ನಲ್ಲಿ ಇಳಿದದ್ದಷ್ಟೆ, ಮಂಜು ಕವಿಯಿತು. "ಥೇಟ್ ಆಗುಂಬೆ" ಎಂದು ನನ್ನವಳು ಸ್ವೆಟರ್ ಏರಿಸಿದಳು. ದಿನಾ ಬೆಳಿಗ್ಗೆ ವಿಮಾನದವರಿಗೆ ಫೋನು. ದಿನಾ ಒಂದೇ ಉತ್ತರ, ಹವಾ ನೋಡಿಕೊಂಡು ಹೇಳುತ್ತೇವೆ. ಸೇತುವೆ ಆಗುವ ಮೊದಲು ಸಿಗಂದೂರಿನ ಲಾಂಚಿಗೆ ಕಾದು ಪಳಗಿದ ನಮಗೆ ಇದು ಹೊಸತಲ್ಲ. ಮಗಳು ಅಳಿಯ ಮಾತ್ರ ಗಂಟೆಗೊಮ್ಮೆ ಕಿಟಕಿಗೆ ಹೋಗಿ, ಕೆಲಸದಾಳು ಬರುವುದನ್ನು ಕಾಯುವವರಂತೆ, ಆಕಾಶ ನೋಡಿ ಬರುತ್ತಿದ್ದರು.

ಎರಡು ದಿನ ನನಗೆ ಬೇಸರವಾಗಲಿಲ್ಲ. ಮೀನುದೋಣಿಗಳ ಬಂದರಿನ ಮೇಲೆ ನೀಲಿ ಗುಮ್ಮಟದ ರಷ್ಯನ್ ಚರ್ಚು. 1867ರಲ್ಲಿ ರಷ್ಯಾ 72 ಲಕ್ಷ ಡಾಲರಿಗೆ ಅಲಾಸ್ಕಾವನ್ನು ಮಾರಿದರೂ ದೇವರನ್ನು ಮಾತ್ರ ಹಿಂದಕ್ಕೆ ಒಯ್ಯಲಿಲ್ಲ. ಈ ಊರು ಸ್ಫೋಟದ ಜಾಗದಿಂದ ಸುಮಾರು 160 ಕಿಲೋಮೀಟರ್ ದೂರ. ಆದರೂ 1912ರ ಆ ಮೂರು ದಿನ ಇಲ್ಲಿ ಹಗಲೇ ಆಗಲಿಲ್ಲ. ಕೈ ಚಾಚಿ ಹಿಡಿದ ಲಾಟೀನು ಹಿಡಿದವರಿಗೇ ಕಾಣುತ್ತಿರಲಿಲ್ಲವಂತೆ. ಮೊಣಕಾಲಿಗೆ ಹತ್ತಿರ ಬೂದಿ ಬಿದ್ದು ಮಾಡುಗಳು ಕುಸಿದವು. ಪಕ್ಕದ ದ್ವೀಪದಲ್ಲಿದ್ದ ರೇಡಿಯೋ ಠಾಣೆ ಸಿಡಿಲಿಗೆ ಸುಟ್ಟುಹೋಯಿತು. ದಡದಲ್ಲಿದ್ದ ಮ್ಯಾನಿಂಗ್ ಎಂಬ ಸರ್ಕಾರಿ ಹಡಗಿನೊಳಗೆ ಊರಿನ ಸುಮಾರು 500 ಮಂದಿ ಒತ್ತೊತ್ತಾಗಿ ಕೂತು ಬೆಳಕಿಗೆ ಕಾದರು. ಸದ್ದು 1,200 ಕಿಲೋಮೀಟರ್ ಆಚೆಯ ಜೂನೋಗೂ ಕೇಳಿಸಿತ್ತು. ತಲುಪಲು ಒಂದು ಗಂಟೆ ಹಿಡಿಯಿತು ಅಷ್ಟೆ. ಇಷ್ಟೆಲ್ಲ ಆಗಿ, ನೇರವಾಗಿ ಸತ್ತವರೆಂದು ಒಬ್ಬರ ದಾಖಲೆಯೂ ಇಲ್ಲ. ಪಠ್ಯಪುಸ್ತಕಕ್ಕೆ ಬರದಿರಲು ಇದೇ ಕಾರಣವಿರಬೇಕು. ಹೆಣ ಬೀಳದ ಅನಾಹುತದ ಮೇಲೆ ಐದು ಅಂಕದ ಪ್ರಶ್ನೆ ತೆಗೆಯುವುದು ಕಷ್ಟ.

ತಪ್ಪಿತಸ್ಥನನ್ನು ಹಿಡಿದ ಕಥೆಯಂತೂ ನನ್ನ ಮೇಷ್ಟ್ರುಗಿರಿಗೇ ಕನ್ನಡಿ. ಬೂದಿ ಇಳಿದ ಮೇಲೆ ನೋಡಿದರೆ ಕಟ್ಮೈ ಬೆಟ್ಟದ ತಲೆಯೇ ಮಾಯ. ಅಲ್ಲೊಂದು ದೊಡ್ಡ ಗುಳಿ. ತಲೆ ಹೋದವನೇ ಸಿಡಿದವನು ಎಂದು ಎಲ್ಲರೂ ತೀರ್ಮಾನಿಸಿದರು. ನಾಲ್ಕು ದಶಕ ಕಳೆದು, 1950ರ ದಶಕದಲ್ಲಿ ಗಾರ್ನಿಸ್ ಕರ್ಟಿಸ್ ಎಂಬ ಭೂವಿಜ್ಞಾನಿ ಬೂದಿಯ ಪದರಗಳನ್ನು ಅಳೆಯುತ್ತ ಹೋದಾಗ, ಅವೆಲ್ಲ 10 ಕಿಲೋಮೀಟರ್ ಆಚೆಯ ನೊವರಪ್ಟದ ಕಡೆ ಬೊಟ್ಟು ಮಾಡಿದವು. ಕಟ್ಮೈ ಬೆಟ್ಟದ ಬುಡದಲ್ಲಿದ್ದ ಶಿಲಾರಸ ಒಳಗೊಳಗೇ ಅತ್ತ ಹರಿದು ಅಲ್ಲಿ ಸಿಡಿದಿತ್ತು. ಬುಡ ಬರಿದಾದ ಬೆಟ್ಟದ ತಲೆ ಕುಸಿದಿತ್ತು. ಕಲ್ಲು ಹೊಡೆದವನು ಕಡೇ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದ. ಹಲ್ಲು ಮುರಿಸಿಕೊಂಡವನನ್ನು ನಲವತ್ತು ವರ್ಷ ಬೆಂಚಿನ ಮೇಲೆ ನಿಲ್ಲಿಸಿದ್ದರು. ನಾನೂ ಹಾಗೆ ನಿಲ್ಲಿಸಿದ ಒಂದಿಬ್ಬರು ನೆನಪಾದರು. ಅವರಲ್ಲೊಬ್ಬ ಈಗ ಸಾಗರದಲ್ಲಿ ಅಂಗಡಿ ಇಟ್ಟಿದ್ದಾನೆ. ನನಗೆ ಸಕ್ಕರೆ ತೂಗುವಾಗ ಎಂದೂ ಮೋಸ ಮಾಡಿಲ್ಲ, ಪುಣ್ಯಾತ್ಮ.

ನೊವರಪ್ಟ ಎಂದರೆ ಹೊಸದಾಗಿ ಒಡೆದದ್ದು ಎಂದರ್ಥ. ಹೆಸರಿಟ್ಟವನು ರಾಬರ್ಟ್ ಗ್ರಿಗ್ಸ್, ಗಿಡಮರಗಳ ಪಂಡಿತ. ಬೂದಿಯ ಮೇಲೆ ಹಸಿರು ಹೇಗೆ ಮರಳುತ್ತದೆ ನೋಡೋಣ ಎಂದು ಬಂದವನು 1916ರಲ್ಲಿ ಒಂದು ಕಣಿವೆಯ ಅಂಚಿಗೆ ಬಂದು ನಿಂತ. ಕಣ್ಣು ಹಾಯುವಷ್ಟು ದೂರ ನೆಲ ಹೊಗೆಯುಗುಳುತ್ತಿತ್ತು. ಹತ್ತು ಸಾವಿರ ಹೊಗೆಗಳ ಕಣಿವೆ ಎಂದು ಕರೆದ. ಮುಂದಿನ ವರ್ಷಗಳಲ್ಲಿ ಅವನ ತಂಡ ಆ ಹಬೆಯ ಮೇಲೆಯೇ ಅಡುಗೆ ಮಾಡಿತು. ಹಬೆಯ ರಭಸಕ್ಕೆ ಬಾಣಲೆ ಹಾರಿಹೋಗದಂತೆ ಒತ್ತಿ ಹಿಡಿಯಬೇಕಿತ್ತಂತೆ. "ಗ್ಯಾಸಿನ ಖರ್ಚಿಲ್ಲ" ಎಂದಳು ನನ್ನವಳು. 1918ರಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕ ಮಾಡಿದರು, 1980ರಲ್ಲಿ ರಾಷ್ಟ್ರೀಯ ಉದ್ಯಾನ. ಅಷ್ಟರೊಳಗೆ ಬೂದಿ ತಣಿದು ಹೊಗೆಗಳು ಹೆಚ್ಚುಕಡಿಮೆ ಎಲ್ಲವೂ ಆರಿಹೋಗಿದ್ದವು. ಹೆಸರು ಮಾತ್ರ ಇದೆ, ಬೆಂಗಳೂರಿನ ಎಷ್ಟೋ ಬಸ್‌ಸ್ಟಾಪುಗಳಲ್ಲಿ ಕೆರೆ ಇರುವ ಹಾಗೆ.

ಮೂರನೆಯ ಬೆಳಿಗ್ಗೆ ಮಂಜು ಹರಿದು, ಕರೆ ಬಂತು. ದಕ್ಕೆಯಲ್ಲಿ ಮೊದಲ ಪರೀಕ್ಷೆ ತೂಕದ್ದು. ಪುಟ್ಟ ವಿಮಾನದಲ್ಲಿ ಯಾರು ಎಲ್ಲಿ ಕೂರಬೇಕೆಂಬುದು ತೂಕದ ಮೇಲೆ ನಿಶ್ಚಯವಾಗುತ್ತದೆ. ಅಡಿಕೆ ಮಂಡಿಯಲ್ಲಿ ಮೂಟೆ ಇಡುತ್ತಾರಲ್ಲ, ಅಂಥದೇ ತಕ್ಕಡಿ. ಬೂಟು ಕೋಟು ಚೀಲ ಸಮೇತ ಹತ್ತಬೇಕು. ನಲವತ್ತೆರಡು ವರ್ಷದ ದಾಂಪತ್ಯದಲ್ಲಿ ನನ್ನ ಹೆಂಡತಿ ತನ್ನ ವಯಸ್ಸನ್ನು ಹೇಳಿದ್ದಾಳೆ, ತೂಕವನ್ನು ಹೇಳಿಲ್ಲ. ಮುಳ್ಳು 168ಕ್ಕೆ ಹೋಗಿ ನಿಂತಿತು. ಅವಳ ಮುಖದ ರಕ್ತ ಇಳಿಯಿತು. "ಅಮ್ಮಾ, ಪೌಂಡು" ಎಂದಳು ಮಗಳು. ಲೆಕ್ಕ ಹಾಕಿ ಎಪ್ಪತ್ತಾರಕ್ಕೆ ಇಳಿಸಿದ ಮೇಲೆ ಮತ್ತೆ ಬಣ್ಣ ಬಂತು. "ಅದ್ರಲ್ಲಿ ಬೂಟಿಂದೇ ಆರು ಕೆಜಿ" ಎಂದು ಇಡೀ ದಕ್ಕೆಗೆ ಕೇಳುವಂತೆ ಕನ್ನಡದಲ್ಲಿ ಸಾರಿದಳು.

ಚೀಲದ ಭಾರಕ್ಕೆ ಬೇರೆ ಕಾರಣವಿತ್ತು. ಪೈಲಟ್ಟೇ ನಮ್ಮ ಮಾರ್ಗದರ್ಶಿ. ಮಗಳ ವಯಸ್ಸಿನ ಹುಡುಗಿ, ಕೈಗೆ ಎಂಜಿನ್ ಎಣ್ಣೆ. ತಿನ್ನುವ ಸಾಮಾನು ಏನೇನಿದೆ ಎಂದು ಕೇಳಿದಳು. ಕೋಡುಬಳೆ ಹೊರಬಂತು, ಅವಲಕ್ಕಿ ಬಂತು, ಕೊನೆಗೆ ಸಾಗರದಿಂದ ಮೂರು ವಿಮಾನ ಬದಲಿಸಿ ಬಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ. ಹುಡುಗಿ ಮುಚ್ಚಳ ತೆಗೆದು ಮೂಸಿ ಒಂದು ಕ್ಷಣ ಕಣ್ಣು ಮುಚ್ಚಿದಳು. ಕರಡಿಯ ಮೂಗು ಮೈಲಿಗಟ್ಟಲೆ ದೂರದ್ದನ್ನು ಹಿಡಿಯುತ್ತದೆ, ಕಟ್ಮೈಯಲ್ಲಿ ಸುಮಾರು 2,200 ಕಂದು ಕರಡಿಗಳಿವೆ, ಇದೊಂದು ಬಾಟಲಿ ಅಷ್ಟನ್ನೂ ಒಂದೇ ಪಂಕ್ತಿಗೆ ಕೂರಿಸಬಹುದು ಎಂದಳು. ಅಪ್ಪೆಮಿಡಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ನಾನು ಕಂಡಿಲ್ಲ. ಕರಡಿಗೂ ಬಿಚ್ಚಲಾಗದ ಒಂದು ಗಟ್ಟಿ ಡಬ್ಬಿಯೊಳಗೆ ಅದನ್ನು ಇಟ್ಟು ತಿರುಪು ಬಿಗಿದಳು. ಇಳಿದ ಮೇಲೆ ದಡದಲ್ಲಿ ಒಂದು ಕೋಡುಬಳೆಯ ಚೂರೂ ತಿನ್ನುವಂತಿಲ್ಲ, ಊಟವೆಲ್ಲ ವಿಮಾನದೊಳಗೇ.

ವಿಮಾನದ ಹೆಸರು ಬೀವರ್. 1947ರಿಂದ 1967ರವರೆಗೆ ಮಾತ್ರ ತಯಾರಾದ ಮಾದರಿ. ನಾವು ಹತ್ತಿದ್ದು ನನಗಿಂತ ಮೂರು ವರ್ಷ ಹಿರಿಯ. ಅದರ ಮಂಡಿಗಳು ನನ್ನವಕ್ಕಿಂತ ಗಟ್ಟಿಯಿದ್ದವು ಎಂಬುದನ್ನು ಒಪ್ಪಬೇಕು. ಗುಡುಗುಡು ಎನ್ನುತ್ತ ನೀರು ಸೀಳಿ ಮೇಲೆದ್ದಾಗ ಹೆಂಡತಿ ನನ್ನ ಕೈ ಹಿಡಿದಳು. ಅಳಿಯ ಹಿಂದಿನ ಸೀಟಿನಿಂದ ನನ್ನ ಕಿವಿಯಲ್ಲಿ, ಅತ್ತೆಗೆ ಕೇಳದಂತೆ, ಕರಡಿಗಳ ನಡುವೆ ಹದಿಮೂರು ಬೇಸಿಗೆ ಕಳೆದು 2003ರಲ್ಲಿ ಇದೇ ತೀರದ ಕಾಫ್ಲಿಯಾದಲ್ಲಿ ಕರಡಿಗೇ ಬಲಿಯಾದ ಟಿಮೊತಿ ಟ್ರೆಡ್‌ವೆಲ್ ಬಗ್ಗೆ ಹೇಳತೊಡಗಿದ. "ಆ ಸಿನಿಮಾ ನಾನೂ ನೋಡಿದೀನಿ. ಮುಂದೆ ನೋಡ್ಕೊಂಡು ಕೂತ್ಕೊಳಪ್ಪ" ಎಂದಳು ಅತ್ತೆ.

ನನ್ನ ಜ್ವಾಲಾಮುಖಿ ಕಾಣಲಿಲ್ಲ. ಪರ್ವತಸಾಲಿಗೆ ಸಾಲೇ ಮೋಡದ ಕಂಬಳಿ ಹೊದ್ದು ಮಲಗಿತ್ತು. ಪೈಲಟ್ ಬೆರಳಿಂದ ಬಿಳಿಯ ಒಂದು ಜಾಗ ತೋರಿಸಿ ಕಟ್ಮೈ ಅಲ್ಲಿ, ನೊವರಪ್ಟ ಅದರಾಚೆ ಎಂದಳು. ಎರಡೂ ಕಡೆ ಒಂದೇ ಬಿಳಿ. ಕಂಡಿದ್ದರೂ ಕಾಣುವುದು ಹೆಚ್ಚೇನಿಲ್ಲ. ಶತಮಾನದ ಸ್ಫೋಟ ಮುಗಿದ ಮೇಲೆ ಅದರ ಬಾಯಿಗೆ ಬಿರಡೆಯಂತೆ ಸಿಕ್ಕಿಕೊಂಡ ಕಲ್ಲುಗುಡ್ಡೆಯ ಎತ್ತರ ಬರೀ 65 ಮೀಟರ್. ಕರಿಹಲಗೆಯ ಮೇಲೆ ನಾನು ಬರೆಯುತ್ತಿದ್ದ ಬೆಟ್ಟವನ್ನು ಅದು ಯಾವ ದಿಕ್ಕಿನಿಂದಲೂ ಹೋಲುವುದಿಲ್ಲ.

ಆದರೆ ಇಳಿದ ಜಾಗದ ಹೆಸರು ನನ್ನ ನಷ್ಟವನ್ನೆಲ್ಲ ತುಂಬಿಕೊಟ್ಟಿತು. ಜಿಯಾಗ್ರಫಿಕ್ ಹಾರ್ಬರ್! ಗ್ರಿಗ್ಸ್‌ನ ಯಾತ್ರೆಗಳಿಗೆ ಹಣ ಕೊಟ್ಟ ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿಯ ನೆನಪಿಗಿಟ್ಟ ಹೆಸರು. ಭೂಗೋಳ ಪಾಠ ಮಾಡಿ ಸವೆದವನು ಕೊನೆಗೆ ಭೂಗೋಳವೆಂಬ ಬಂದರಿಗೇ ಬಂದು ಇಳಿದ. ಸುತ್ತ ಕಡಿದಾದ ಹಸಿರು ಗೋಡೆ, ನಡುವೆ ಅಲುಗದ ನೀರು, ಸಣ್ಣ ಸಣ್ಣ ಕಲ್ಲುದ್ವೀಪಗಳು. ಸೊಂಟದವರೆಗಿನ ರಬ್ಬರ್ ಬೂಟು ತೊಟ್ಟು ವಿಮಾನದ ಪಾದದಿಂದ ನೀರಿಗಿಳಿದು ದಡಕ್ಕೆ ನಡೆಯಬೇಕು. ಜೀವಮಾನದಲ್ಲಿ ಮೊದಲ ಸಲ ಪ್ಯಾಂಟು ತೊಟ್ಟಿದ್ದ ನನ್ನವಳು ಅಭ್ಯಾಸಬಲದಿಂದ ಇಲ್ಲದ ನೆರಿಗೆಯನ್ನು ಎತ್ತಿ ಹಿಡಿದು ನಡೆದಳು.

ನಿಯಮಗಳು ಮೂರು. ಗುಂಪಾಗಿರಿ, ಮೆಲ್ಲಗೆ ಮಾತಾಡುತ್ತಿರಿ, ಏನೇ ಆದರೂ ಓಡಬೇಡಿ. ಮೂರನೆಯದನ್ನು ನನ್ನ ಮಂಡಿಗಳು ಹತ್ತು ವರ್ಷದ ಹಿಂದೆಯೇ ಜಾರಿಗೆ ತಂದಿವೆ. ಕರಡಿಯಿಂದ 50 ಗಜ ದೂರ ಇರಬೇಕೆಂದು ಉದ್ಯಾನದ ಕಾನೂನೂ ಇದೆ. ನಮಗೆ ಅದು ಗೊತ್ತಿತ್ತು, ಕರಡಿಗಳಿಗೆ ಗೊತ್ತಿರಲಿಲ್ಲ.

ಹಳ್ಳ ಸಮುದ್ರ ಸೇರುವಲ್ಲಿ ಒಂಬತ್ತು ಕರಡಿಗಳಿದ್ದವು. ಆಗಸ್ಟ್ ತಿಂಗಳು, ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಹುಟ್ಟಿದ ಹಳ್ಳಕ್ಕೆ ಹಿಂತಿರುಗುವ ಕಾಲ. ನನಗೆ ತಿಳಿದ ಕರಡಿಯೆಂದರೆ ನಮ್ಮ ಮಲೆನಾಡಿನದು, ಗೆದ್ದಲು ಹೀರುವ ಕಪ್ಪು ಮುಂಗೋಪಿ. ಸೌದೆಗೆ ಹೋದವರ ಮುಖ ಹರಿದ ಕಥೆಗಳನ್ನು ಕೇಳಿಯೇ ಬೆಳೆದವನು ನಾನು. ಇಲ್ಲಿಯವು ಅದರ ಮೂರು ನಾಲ್ಕು ಪಟ್ಟು ದೊಡ್ಡವು. ಒಂದು ಮಣ್ಣುಬಣ್ಣದ ಗಂಡು ನಮ್ಮ ಕಡೆಗೇ ಬಂತು. ಹುಡುಗಿ ಶಾಂತವಾಗಿ "ಕೂತೇ ಇರಿ" ಎಂದಳು. ಏಳಲು ಶಕ್ತಿಯಿದ್ದವರಿಗೆ ತಾನೆ ಆ ಮಾತು? ಅದು ಮೂವತ್ತು ಹೆಜ್ಜೆ ದೂರದಲ್ಲಿ ನಮ್ಮನ್ನು ಒಮ್ಮೆ ನೋಡಿ, ಕಲ್ಲು ನೋಡಿದಂತೆ ನೋಡಿ, ಹಾದು ಹೋಯಿತು. ಜೀವಮಾನದಲ್ಲಿ ನನ್ನನ್ನು ಇಷ್ಟು ಸಂಪೂರ್ಣವಾಗಿ ಯಾರೂ ಕಡೆಗಣಿಸಿರಲಿಲ್ಲ, ಹತ್ತನೇ ತರಗತಿಯ ಮಧ್ಯಾಹ್ನದ ಕಡೇ ಪೀರಿಯಡ್ಡನ್ನು ಬಿಟ್ಟರೆ.

ಭಯ ಇಳಿದ ಮೇಲೆ ನೋಡಿದರೆ, ಅಲ್ಲಿದ್ದದ್ದು ನನಗೆ ಚೆನ್ನಾಗಿ ಪರಿಚಯವಿರುವ ಕ್ಲಾಸೇ. ಒಂದು ನೀರಿಗೆ ಧುಮುಕಿ ಧುಮುಕಿ ಎಲ್ಲರಿಗೂ ನೀರು ಹಾರಿಸಿ ಒಂದು ಮೀನೂ ಹಿಡಿಯದು. ಒಂದು ಮುದಿ ಹೆಣ್ಣು ಅಲುಗದೆ ನಿಂತು, ಮೀನು ತಾನಾಗಿ ಬಂದಾಗ ಬರೀ ತಲೆ ತಗ್ಗಿಸಿ ಎತ್ತಿಕೊಳ್ಳುವುದು. ಇನ್ನೊಂದು ಪಕ್ಕದವನು ಹಿಡಿದದ್ದನ್ನು ಕಾಪಿ ಹೊಡೆಯಲು ಕಾಯುವುದು. ಹೊಟ್ಟೆ ತುಂಬಿದ್ದ ದೊಡ್ಡದೊಂದು ಮೀನಿನ ಚರ್ಮ, ಮೊಟ್ಟೆ, ಮಿದುಳು ಮಾತ್ರ ತಿಂದು ಉಳಿದದ್ದನ್ನು ಕಡಲಹಕ್ಕಿಗಳಿಗೆ ಬಿಟ್ಟಿತು. ಮದುವೆ ಪಂಕ್ತಿಯಲ್ಲಿ ಹೋಳಿಗೆಯ ಹೂರಣ ತಿಂದು ಕಣಕ ಬಿಟ್ಟೇಳುವವರ ಜಾತಿ. ಬೆಟ್ಟದಾಚೆ ಬ್ರೂಕ್ಸ್ ಜಲಪಾತದ ಕರಡಿಗಳಿಗೆ 2014ರಿಂದ ವರ್ಷವರ್ಷ ಚುನಾವಣೆ ನಡೆಯುತ್ತದೆ. ಚಳಿಗಾಲದ ನಿದ್ದೆಗೆ ಮೊದಲು ಯಾರು ಚೆನ್ನಾಗಿ ಕೊಬ್ಬಿದ್ದಾರೆ ಎಂದು ಜನ ಕಂಪ್ಯೂಟರಿನಲ್ಲಿ ಮತ ಹಾಕುತ್ತಾರೆ. ಓಟಿಸ್ ಎಂಬ ಸಮಾಧಾನಿ ಮುದುಕ ನಾಲ್ಕು ಸಲ ಗೆದ್ದಿದ್ದ. ಇದನ್ನು ಕೇಳಿ ನನ್ನವಳು ಬೆಳಗಿನ ತಕ್ಕಡಿಯ ಅವಮಾನವನ್ನು ಪೂರಾ ಮರೆತಳು. "ನಮ್ಮ ಡಾಕ್ಟ್ರನ್ನ ಒಂದ್ಸಲ ಇಲ್ಲಿಗೆ ಕರ್ಕೊಂಡು ಬರಬೇಕು ರೀ. ಕೊಬ್ಬಿದ್ರೆ ಹಾರ ಹಾಕೋ ಊರೂ ಇದೆ."

"ಆ ಮೇಲೆ ಹಿಮ ಇನ್ನೂ ಕರಗಿಲ್ಲ ನೋಡಿ" ಎಂದು ಅವಳೇ ತೋರಿಸಿದಳು. ಹಸಿರು ಇಳಿಜಾರಿನಲ್ಲಿ ಅಲ್ಲಲ್ಲಿ ಬೆಳ್ಳಗೆ ತೇಪೆ. ಹಿಮವಲ್ಲ, ಬೂದಿ ಎಂದಳು ಪೈಲಟ್ ಹುಡುಗಿ. 1912ರದ್ದು.

ದಡದ ಒಂದು ಮಡಕೆಯಲ್ಲಿ ಅದು ನನ್ನ ಕೈಗೂ ಸಿಕ್ಕಿತು. ಬೊಗಸೆ ತುಂಬ ಬಿಳಿಹರಳು, ನಡುವೆ ನಿಂಬೆಹಣ್ಣಿನ ಗಾತ್ರದ ಒಂದು ಕಲ್ಲು. ಎತ್ತಿದರೆ ಎತ್ತಿದ ಹಾಗೇ ಇಲ್ಲ. ಮೈತುಂಬ ತೂತು, ಕಾರುವಾಗ ಒಳಗಿದ್ದ ಗಾಳಿ ಗುಳ್ಳೆಯೆದ್ದು ಹಾಗೆಯೇ ಕಲ್ಲಾದದ್ದು. ನೀರಿಗೆ ಹಾಕಿದೆ, ತೇಲಿತು. ತೇಲುವ ಕಲ್ಲಿನ ಮೇಲೆ ನಮಗೆ ನಂಬಿಕೆ ರಾಮಾಯಣದ ಕಾಲದಿಂದ ಇದೆ. ಆದರೂ ಕಂಡಾಗ ಎದೆ ಒಮ್ಮೆ ಹಾರಿತು. ಈ ಬೂದಿ ಇನ್ನೂ ಸುಮ್ಮನಾಗಿಲ್ಲ. ಒಣಹವೆಯಲ್ಲಿ ವಾಯವ್ಯದ ಗಾಳಿ ಜೋರಾಗಿ ಬೀಸಿದರೆ ಕಣಿವೆಯ ಬೂದಿ ಎದ್ದು ಜಲಸಂಧಿ ದಾಟಿ ಕೋಡಿಯಾಕ್‌ಗೆ ಬರುತ್ತದೆ. ಅಲ್ಲಿನ ಹವಾಮಾನ ಇಲಾಖೆ ಇವತ್ತಿಗೂ ವಿಮಾನಗಳಿಗೆ ಎಚ್ಚರಿಕೆ ಕೊಡುತ್ತದೆ. ನೂರು ವರ್ಷದ ಹಿಂದೆ ಮುಗಿದ ಪಾಲಿನ ಜಗಳ ಯಾವುದೋ ಗೃಹಪ್ರವೇಶದಲ್ಲಿ ಎದ್ದು ಕೂತಂತೆ. ಉತ್ತರದ ತುದಿಯ ಇಂಥ ದೊಡ್ಡ ಸ್ಫೋಟಗಳು ನಮ್ಮ ಮುಂಗಾರನ್ನೂ ಸೊರಗಿಸಬಲ್ಲವು ಎಂದು ವಿಜ್ಞಾನಿಗಳ ಕಂಪ್ಯೂಟರ್ ಲೆಕ್ಕಗಳು ತೋರಿಸಿವೆ. ಮುಂಗಾರನ್ನೂ ಜ್ವಾಲಾಮುಖಿಯನ್ನೂ ನಾನು ಬೇರೆ ಬೇರೆ ಅಧ್ಯಾಯಗಳಲ್ಲಿ, ನಡುವೆ ದಸರಾ ರಜೆ ಬರುವಂತೆ, ಕಲಿಸಿದ್ದೆ.

"ಹಿಮ್ಮಡಿ ಉಜ್ಜೋಕೆ ಚೆನ್ನಾಗಿದೆ. ಅತ್ತೆಗೊಂದು ಇಟ್ಕೊಳ್ಳಿ" ಎಂದಳು ಹೆಂಡತಿ. ಕಲ್ಲು ನನ್ನ ಜೇಬಿಗೆ ಇಳಿಯುತ್ತಿತ್ತು. ಪೈಲಟ್ ಹುಡುಗಿ ಕೈನೀಡಿದಳು. ಉದ್ಯಾನದಿಂದ ಏನನ್ನೂ ಒಯ್ಯುವ ಹಾಗಿಲ್ಲ. ಪರೀಕ್ಷೆಯಲ್ಲಿ ಚೀಟಿಯೊಂದಿಗೆ ಸಿಕ್ಕಿಬಿದ್ದವನಂತೆ ಕಲ್ಲನ್ನು ಒಪ್ಪಿಸಿದೆ. ಅವಳು ಅದನ್ನು ಇದ್ದ ಗುಳಿಯಲ್ಲೇ, ಇದ್ದ ಹಾಗೆಯೇ ಇಟ್ಟಳು.

ಆಚೀಚೆಯ ಕೊಲ್ಲಿಗಳಲ್ಲಿ ಊರುಗಳಿದ್ದವು, ಸಾವಿರಾರು ವರ್ಷಗಳಿಂದ ಇಲ್ಲಿದ್ದ ಅಲುಟಿಕ್ ಜನರವು. ಈಗ ಇಡೀ ತೀರದಲ್ಲಿ ಒಂದೂ ಇಲ್ಲ. ಸ್ಫೋಟದ ಹೊತ್ತಿಗೆ ಕಟ್ಮೈ ಹಳ್ಳಿಯ ಬಹುಮಂದಿ ಕಾಫ್ಲಿಯಾದಲ್ಲಿ ಮೀನು ಹಿಡಿಯುತ್ತಿದ್ದರು. ಅಲ್ಲಿಂದ ಇವಾನ್ ಒರ್ಲಾಫ್ ಎಂಬಾತ ಜೂನ್ 9ರಂದು ಹೆಂಡತಿಗೆ ಬರೆದ ಕಾಗದ ಉಳಿದಿದೆ. ಬೆಟ್ಟ ಒಡೆಯಿತು, ಹಗಲೋ ರಾತ್ರಿಯೋ ತಿಳಿಯದು, ಕುಡಿಯಲು ನೀರಿಲ್ಲ, ಸಾವನ್ನು ಕಾಯುತ್ತಿದ್ದೇವೆ, ಕ್ಷಮಿಸು ಎಂದು. ಬದುಕಿದರು. ಕೋಡಿಯಾಕ್‌ನವರನ್ನು ಉಳಿಸಿದ ಮ್ಯಾನಿಂಗ್ ಹಡಗೇ ಅವರನ್ನು ನೈರುತ್ಯದ ದೂರದ ಕಡಲಂಚಿಗೆ ಒಯ್ದು ಇಳಿಸಿತು. ಹೊಸ ಊರಿಗೆ ಹಡಗಿನ ಕಪ್ತಾನನ ಹೆಸರು, ಪೆರಿವಿಲ್.

ನನ್ನನ್ನು ಕಾಡಿದವನು ಇನ್ನೊಬ್ಬ. ಬೆಟ್ಟದ ಒಳಮಗ್ಗುಲಲ್ಲಿ ಸವೊನೊಸ್ಕಿ ಎಂಬ ಹಳ್ಳಿಯಿತ್ತು. ಅದರ ಮುಖ್ಯಸ್ಥನನ್ನು ಜನ ಅಮೆರಿಕನ್ ಪೀಟ್ ಎನ್ನುತ್ತಿದ್ದರು. ಸ್ಫೋಟವಾದಾಗ ತೀರ ಹತ್ತಿರದಲ್ಲಿದ್ದು ಓಡಿ ಬದುಕಿದವನು. ಕೆಲವು ವರ್ಷದ ಮೇಲೆ ಗ್ರಿಗ್ಸ್ ಅವನನ್ನು ಮಾತಾಡಿಸಿದಾಗ, ಬೆಂಕಿಯ ಕಥೆಯನ್ನೆಲ್ಲ ಹೇಳಿ ಕೊನೆಗೆ ಅವನು ಊರಿನ ಕಡೆ ಹೊರಳಿದ. ಇನ್ನು ಅಲ್ಲಿಗೆ ಹೋಗಿ ಬದುಕುವ ಹಾಗಿಲ್ಲ, ಎಲ್ಲ ಬೂದಿ. ಒಳ್ಳೇ ಜಾಗವಾಗಿತ್ತು. ಒಳ್ಳೇ ಮರಗಳು, ಬೇಕಾದಷ್ಟು ಬೇಟೆ, ಮನೆ ಬಾಗಿಲಿಗೇ ಮೀನು, ಒಳ್ಳೇ ಚರ್ಚು, ಒಳ್ಳೇ ಮನೆ. ಸೊಳ್ಳೆಯೂ ಹೆಚ್ಚಿರಲಿಲ್ಲ.

ಅಲಾಸ್ಕಾದಲ್ಲಿ ಸೊಳ್ಳೆ ಹೆಚ್ಚಿಲ್ಲದ ಊರು! ಬೇಸಿಗೆಯಲ್ಲಿ ಜಿಂಕೆಯ ಹಿಂಡನ್ನೇ ಓಡಿಸುವ ಸೊಳ್ಳೆ ಅಲ್ಲಿಯದು. ಅದು ಸಾಲದೆಂದು ಬಿಳಿಕಾಲಿನ ನೊರಜು ಬೇರೆ; ಬಿಳಿ ಕಾಲುಚೀಲ ಎಂದೇ ಅದಕ್ಕೆ ಅಡ್ಡಹೆಸರು. ತಲೆಗೆ ಬಲೆ ಕಟ್ಟಿಕೊಂಡು ಕೂತಿದ್ದರೂ ನನ್ನ ಮಣಿಕಟ್ಟಿನ ಮೇಲೆ ಅವು ಆಗಲೇ ಸಂತೆ ನೆರೆದಿದ್ದವು. ಪೀಟ್ ಸುಳ್ಳು ಹೇಳಿದ. ಆ ಸುಳ್ಳನ್ನು ಓದಿದಾಗ ನನಗೆ ನಗು ಬಂತು, ಆಮೇಲೆ ನಮ್ಮಮ್ಮ ಕಂಡಳು.

ನಮ್ಮ ಊರು ಲಿಂಗನಮಕ್ಕಿಯ ನೀರಿನಡಿ ಇದೆ. 1964ರಲ್ಲಿ ಅಣೆಕಟ್ಟು ಮುಗಿಯುವಾಗ ನನಗೆ ಏಳು ವರ್ಷ. ಲಾರಿಯಲ್ಲಿ ಪಾತ್ರೆ, ದನ, ಅಜ್ಜ, ಹಾಸಿಗೆ ಎಲ್ಲವನ್ನೂ ಒಟ್ಟಿಗೇ ಹೇರಿಕೊಂಡು ಶಿವಮೊಗ್ಗದ ಕಡೆ ಬಯಲಿಗೆ ಬಂದೆವು. ಒರಳುಕಲ್ಲು ಮಾತ್ರ ಲಾರಿಗೆ ಏರಲಿಲ್ಲ. ಮೊದಲ ವರ್ಷಗಳಲ್ಲಿ ಬೇಸಿಗೆಗೆ ನೀರಿಳಿದಾಗ ಅಪ್ಪ ಒಮ್ಮೆ ಕರೆದುಕೊಂಡು ಹೋಗಿದ್ದರು. ಒಡೆದ ಕೆಸರಿನ ನಡುವೆ ಜಂಬಿಟ್ಟಿಗೆಯ ಅಡಿಪಾಯ, ಅದರ ಮೂಲೆಯಲ್ಲಿ ಒರಳು, ಒರಳಿನ ತುಂಬ ಮರಿಮೀನು. ಅಮ್ಮ ಬಗ್ಗಿ ಮೀನುಗಳನ್ನು ಕೈಯಿಂದ ಆಚೆ ಬಿಟ್ಟು, ಒರಳನ್ನು ಸೆರಗಿನಿಂದ ಒರೆಸಿ ಬಂದಳು. ನಾಳೆ ಅಕ್ಕಿ ಹಾಕುವವಳ ಹಾಗೆ.

ಅಮ್ಮನಿಗೆ ಈಗ ಎಂಬತ್ತೇಳು. ಸಾಗರದಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ವರ್ಷ ಕಳೆದಷ್ಟೂ ಮುಳುಗಿದ ಊರು ಅವಳ ಬಾಯಲ್ಲಿ ಸುಧಾರಿಸುತ್ತ ಬಂದಿದೆ. ಮೊದಲು ಬಾವಿಯ ನೀರು ಸಿಹಿಯಾಯಿತು. ಆಮೇಲೆ ನೆರೆಮನೆಯ ಜಗಳಗಂಟಿ ಸಾಧ್ವಿಯಾದಳು. ಹತ್ತು ವರ್ಷದಿಂದೀಚೆಗೆ ಅಲ್ಲಿ ಉಂಬಳವೇ ಇಲ್ಲ. "ನಮ್ಮೂರಲ್ಲಿ ಉಂಬ್ಳ ಅನ್ನೋದನ್ನೇ ನಾನು ಕಂಡಿಲ್ಲ ಕಣಾ." ಆಷಾಢದಲ್ಲಿ ತೋಟಕ್ಕೆ ಹೋಗಿ ಬಂದರೆ ಬೆರಳ ಸಂದಿಯಿಂದ ಉಂಬಳ ಕೀಳಲು ಇದೇ ಅಮ್ಮ ಸುಣ್ಣದ ಡಬ್ಬಿ ಹಿಡಿದು ಬಾಗಿಲಲ್ಲೇ ಕೂರುತ್ತಿದ್ದಳು. ನನ್ನ ಕಾಲಿನ ಮೇಲೆ ಒಂದೆರಡು ಕಲೆ ಸಾಕ್ಷಿಗೆ ಇನ್ನೂ ಇವೆ. ನಾನು ಮೇಷ್ಟ್ರು, ತಪ್ಪು ಕಂಡರೆ ಕೆಂಪು ಗೀಟು ಎಳೆಯುವುದು ರೂಢಿ. "ಇತ್ತಲ್ಲಮ್ಮ, ಧಾರಾಳ ಇತ್ತು" ಎಂದು ಪ್ರತಿ ಸಲ ತಿದ್ದುತ್ತಿದ್ದೆ. ಅವಳು ಪ್ರತಿ ಸಲ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

ಭರತ ಏರತೊಡಗಿತು. ಕರಡಿಗಳು ಕೂತಿದ್ದ ಮರಳದಿಣ್ಣೆಗಳು ಒಂದೊಂದಾಗಿ ಮುಳುಗಿ, ಅವು ಮೇಲಿನ ಹುಲ್ಲಿಗೆ ಸರಿದವು. ನಾವು ಬೀವರ್ ಹತ್ತಿ, ಡಬ್ಬಿಯ ತಿರುಪು ಬಿಚ್ಚಿಸಿ, ಅವಲಕ್ಕಿಗೆ ಅಪ್ಪೆಮಿಡಿ ನೆಂಚಿಕೊಂಡು ತಿಂದೆವು. ಪೈಲಟ್ ಹುಡುಗಿಯೂ ಒಂದು ಮಿಡಿ ಕಚ್ಚಿದಳು. ಆಮೇಲೆ ತುಸು ಹೊತ್ತು ಅವಳಿಗೆ ವಿಮಾನ ಹಾರಿಸಲಾಗಲಿಲ್ಲ.

ರಾತ್ರಿ ಒಂಬತ್ತೂವರೆಗೂ ಕೋಡಿಯಾಕ್‌ನ ಕಿಟಕಿಯಲ್ಲಿ ಬೆಳಕಿತ್ತು. ಸಾಗರದಲ್ಲಿ ಆಗ ಮರುದಿನ ಬೆಳಗಿನ ಹನ್ನೊಂದು. ಅಮ್ಮನ ಸ್ನಾನ ಮುಗಿದಿರುವ ಹೊತ್ತು. ತಮ್ಮ ಫೋನನ್ನು ಅವಳ ಕಿವಿಗೆ ಹಿಡಿದ.

"ಬೆಂಕಿ ಬೆಟ್ಟ ಕಂಡ್ತನಾ?"

"ಇಲ್ಲಮ್ಮ. ಮೋಡ."

"ಮತ್ತೇನು ಕಂಡಿ?"

"ಕರಡಿ. ಬೂದಿ. ಒಂದು ಊರಿದ್ದ ಜಾಗ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆ ಕಡೆ ಕುಕ್ಕರ್ ಕೂಗಿದ್ದು ಕೇಳಿತು.

"ಊರು ಹೇಗಿತ್ತಂತೆ?"

"ಚೆನ್ನಾಗಿತ್ತಂತೆ. ಮನೆ ಬಾಗಿಲಿಗೇ ಮೀನು ಬರ್ತಿತ್ತಂತೆ."

"ಉಂಬ್ಳ ಗಿಂಬ್ಳ?"

"ಉಂಬ್ಳ ಅಲ್ಲಿಲ್ಲಮ್ಮ. ಸೊಳ್ಳೆ."

"ಭಾಳ ಇದ್ವಾ?"

ಮಣಿಕಟ್ಟು ಹೋಳಿಗೆಯಂತೆ ಉಬ್ಬಿತ್ತು. ಹೆಂಡತಿ ಪಕ್ಕದಲ್ಲಿ ಕೂತು ಅದಕ್ಕೆ ಮುಲಾಮು ಹಚ್ಚುತ್ತಿದ್ದಳು.

"ಇಲ್ಲಮ್ಮ" ಎಂದೆ. "ನಮ್ಮೂರಿನ ಹಾಗೇ. ಅಂಥದ್ದೇನೂ ಇರ್ಲಿಲ್ಲ."

ಹೆಂಡತಿ ಮುಲಾಮಿನ ಬೆರಳನ್ನು ಅಲ್ಲೇ ನಿಲ್ಲಿಸಿ ನನ್ನ ಮುಖ ನೋಡಿದಳು.